ಬೀಗರ ಮನೆಯಲ್ಲಿ ಮಹಾನಾಯಕ

ನನ್ನ ಅಕ್ಕನ ಗಂಡನಿಗೆ, ಎಂದರೆ ನಮ್ಮ ಭಾವನಿಗೆ, ಅಂದು ಬೆಳಿಗ್ಗೆ ಕಟ್ಟಪ್ಪಣೆಯಾಗಿತ್ತು. ಬೀಗರಾಗುವವರ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಹೊರಬೀಳುವ ತನಕ ತುಟಿ ಪಿಟಕ್ಕೆನ್ನಬಾರದು.

"ಏನಾದ್ರೂ ಕೇಳಿದ್ರೆ?" ಎಂದರು ಭಾವ.

"ತಲೆ ಅಲ್ಲಾಡ್ಸಿ."

"ತಲೆ ಅಲ್ಲಾಡ್ಸಿ ಹೇಳೋಕಾಗದೇ ಇರೋದನ್ನ ಕೇಳಿದ್ರೆ?"

"ಕೆಮ್ಮಿ. ಜಾಸ್ತಿ ಬೇಡ. ನಿಮ್ಮ ಕೆಮ್ಮಲ್ಲೂ ಗೊತ್ತಾಗ್ಬಿಡುತ್ತೆ."

ಹಾಗೆಂದು ಅಕ್ಕ ಅವರ ಕೊರಳಿಗೆ ಉಣ್ಣೆಯ ಮಫ್ಲರನ್ನು ಎರಡು ಸುತ್ತು ಸುತ್ತಿ, ಗಂಟನ್ನು ಗದ್ದದ ಕೆಳಗೆ ಬಿಗಿದಳು. ಮದುವೆಯಾಗಬೇಕಾದ ಮಗಳು ಮಾತ್ರ ಕನ್ನಡಿಯ ಮುಂದೆ ನಿಂತು, "ಅಪ್ಪ ಒಂದಲ್ಲ ಒಂದು ದಿನ ಮಾತಾಡ್ಲೇಬೇಕಲ್ಲಮ್ಮ," ಎಂದಳು. "ಆಡ್ಲಿ. ನಿನ್ನ ಮದುವೆ ಆದ್ಮೇಲೆ ಎಷ್ಟು ಬೇಕಾದ್ರೂ ಆಡ್ಲಿ," ಎಂದಳು ಅಕ್ಕ.

ಭಾವನ ಕಸುಬು ಬೇರೆಯವರ ತುಟಿಗೆ ತಮ್ಮ ದನಿ ಹೊಂದಿಸುವುದು, ಡಬ್ಬಿಂಗ್. ಅದರಲ್ಲೂ ಒಬ್ಬನೇ ಮನುಷ್ಯನ ದನಿ. ಯುದ್ಧದ ಕಾಲದಲ್ಲಿ ನಮ್ಮ ದೇಶವನ್ನು ಆಳಿದವನದು. ಆತನ ನಿಜವಾದ ದನಿ ಹೇಗಿತ್ತೆಂದು ಈಗ ಯಾರಿಗೂ ಗೊತ್ತಿಲ್ಲ. ರೇಡಿಯೋ ಕಚೇರಿಗೆ ಬೆಂಕಿ ಬಿದ್ದಾಗ ಭಾಷಣದ ಗ್ರಾಮಫೋನ್ ತಟ್ಟೆಗಳೆಲ್ಲ ಕರಗಿಹೋದವು. ಕಿವಿಯಾರೆ ಕೇಳಿದ್ದ ಹಿರಿಯರನ್ನು ವಿಚಾರಿಸಿದರೆ ಒಬ್ಬರು ಸಿಂಹ ಎಂದರು, ಇನ್ನೊಬ್ಬರು ಗುಬ್ಬಚ್ಚಿ ಎಂದರು. ಮೊದಲ ಸಿನಿಮಾಕ್ಕೆ ದನಿ ಹುಡುಕುತ್ತಿದ್ದ ದಿನ ನಮ್ಮ ಭಾವನಿಗೆ ನೆಗಡಿಯಾಗಿತ್ತು. ಮೂಗು ಕಟ್ಟಿ, ಎದೆಯಿಂದ ಗುಡುಗಿನ ಹಾಗೆ ಎದ್ದು ಬಂದ ಆ ದನಿ ಕೇಳಿ ನಿರ್ದೇಶಕ ಕುರ್ಚಿಯಿಂದ ಎದ್ದು ನಿಂತನಂತೆ. ಭಾವನ ನೆಗಡಿ ನಾಲ್ಕು ದಿನಕ್ಕೆ ವಾಸಿಯಾಯಿತು, ದೇಶದ ಪಾಲಿಗೆ ವಾಸಿಯಾಗಲಿಲ್ಲ. ಮೂವತ್ತು ವರ್ಷ ಮೂಗು ಬಿಗಿಹಿಡಿದು ಮಾತಾಡಿ ಮಾತಾಡಿ, ಕೊನೆಗೆ ಮನೆಯಲ್ಲಿ ಉಪ್ಪು ಕೇಳುವಾಗಲೂ ಅದೇ ದನಿ ಬರತೊಡಗಿತು.

ನಮ್ಮಲ್ಲಿ ಆತ ಮಹಾನಾಯಕ. ಹೊಳೆಯಾಚೆಯ ದೇಶದಲ್ಲಿ ಕಟುಕ. ಎರಡು ದಡದ ಮಾತೂ ಒಂದೇ, ಹಾಗಾಗಿ ಹೊಗಳಿಕೆ ಬೈಗುಳ ಎರಡೂ ಎರಡು ಕಡೆಗೂ ಚೆನ್ನಾಗಿ ಅರ್ಥವಾಗುತ್ತವೆ. ಇನ್ನು ಸಮುದ್ರದಾಚೆ ಒಂದು ದೊಡ್ಡ ದೇಶವಿದೆ. ಯುದ್ಧದಲ್ಲಿ ಇಬ್ಬರಿಗೂ ಮದ್ದುಗುಂಡು ಮಾರಿದ್ದು ಅವರೇ. ಅವರು ಆತನನ್ನು "ದಿವಂಗತ ಅಧ್ಯಕ್ಷರು" ಎನ್ನುತ್ತಾರೆ.

ಜಗಳವೆಲ್ಲ ಒಂದು ಸೇತುವೆಯದು. ವೈರಿಸೈನ್ಯ ಆಚೆ ದಡಕ್ಕೆ ಬಂದು ನಿಂತ ದಿನ ಆತ ಸೇತುವೆ ಒಡೆಯಲು ಹೇಳಿದ. ಸೇತುವೆಯ ಮೇಲೆ ಇನ್ನೂ ಜನರಿದ್ದರು, ನಮ್ಮ ದಡದಿಂದ ತಮ್ಮೂರಿಗೆ ಓಡುತ್ತಿದ್ದ ಆಚೆಯವರೇ ಹೆಚ್ಚು. ನಮ್ಮ ಪಾಠದ ಪುಸ್ತಕದಲ್ಲಿ ಅದು ಊರನ್ನು ಉಳಿಸಿದ ದೂರದೃಷ್ಟಿ. ಅವರ ಪುಸ್ತಕದಲ್ಲಿ ಕೊಲೆ. ಸಮುದ್ರದಾಚೆಯವರ ಪುಸ್ತಕದಲ್ಲಿ ವಿಷಾದನೀಯ ಘಟನೆ. ಹೊಸ ಸೇತುವೆ ಕಟ್ಟುವ ಗುತ್ತಿಗೆ ಅವರಿಗೇ ಸಿಕ್ಕಿತ್ತು.

ಮೂರು ದೇಶದವರೂ ಸಿನಿಮಾ ತೆಗೆದರು, ಸಮುದ್ರದಾಚೆಯವರದು ನಮ್ಮ ಮಾತಿಗೆ ಇಳಿದು ಬಂತು, ಮೂವರೂ ಭಾವನನ್ನೇ ಕರೆದರು. ಬೇರೆ ದನಿ ಹಾಕಿದರೆ ಜನ "ಇವನು ಅವನಲ್ಲ" ಎಂದು ಎದ್ದುಹೋಗುತ್ತಿದ್ದರು. ಮಾತು ಮೂವರದೂ ಒಂದೇ: "ಸೇತುವೆ ಬೀಳಲಿ." ನಮ್ಮವರಿಗೆ ಅದನ್ನು ಗಂಟಲು ಕಟ್ಟಿ ಹೇಳಬೇಕು, ಅವರಿಗೆ ಹೇಳುವ ಮೊದಲು ಸಣ್ಣಗೆ ನಗಬೇಕು, ಸಮುದ್ರದಾಚೆಯವರಿಗೆ ರೈಲಿನ ವೇಳೆ ಓದಿದ ಹಾಗೆ ಓದಬೇಕು. ಆತನ ವಿಷಯದಲ್ಲಿ ಮೂರು ದೇಶಗಳೂ ಒಮ್ಮತಕ್ಕೆ ಬಂದದ್ದು ಇದೊಂದರಲ್ಲೇ: ನಮ್ಮ ಭಾವನ ನೆಗಡಿಯಲ್ಲಿ.

"ಅಲ್ಲ ಭಾವ, ನಿಮ್ಮ ಅಭಿಪ್ರಾಯ ಏನು?" ಎಂದು ನಾನೊಮ್ಮೆ ಕೇಳಿದ್ದೆ. "ನಾನು ಅಭಿಪ್ರಾಯ ಇಟ್ಕೊಂಡ್ರೆ ತುಟಿ ತಾಳ ತಪ್ಪುತ್ತಪ್ಪ," ಎಂದಿದ್ದರು.

ಮಗಳು ಹೊಳೆಯ ನೀರು ಪರೀಕ್ಷಿಸುವ ಕೆಲಸದಲ್ಲಿದ್ದಳು. ಈ ದಡದ ನೀರನ್ನು ಇವಳು ಬಾಟಲಿಗೆ ತುಂಬಿದರೆ ಆ ದಡದ ನೀರನ್ನು ತುಂಬಲು ಒಬ್ಬ ಹುಡುಗ ಬರುತ್ತಿದ್ದ. ನೀರಿನಲ್ಲಿ ಏನೂ ವ್ಯತ್ಯಾಸವಿಲ್ಲವೆಂದು ಇಬ್ಬರೂ ಸೇರಿ ಬರೆದು ಬರೆದು, ಕೊನೆಗೆ ಮದುವೆಯ ಮಾತಿಗೆ ಬಂದರು. ಹುಡುಗನಿಗೆ ಮಾವನ ಕಸುಬು ಗೊತ್ತಿತ್ತು. ಮನೆಯಲ್ಲಿ "ಸ್ಟುಡಿಯೋದಲ್ಲಿ ಕೆಲಸ" ಎಂದಷ್ಟೇ ಹೇಳಿದ್ದ. ಅವನ ಅಜ್ಜ ಚಿಕ್ಕಂದಿನಲ್ಲಿ ಆ ಸೇತುವೆಯನ್ನು ಓಡಿ ದಾಟಿ ಆಚೆ ದಡ ಸೇರಿದವರು. ಅಜ್ಜನ ತಂಗಿ ದಾಟಿರಲಿಲ್ಲ. ಆ ಅಜ್ಜ ಹೂಂ ಎನ್ನದೆ ಆ ಮನೆಯಲ್ಲಿ ಬಾಗಿಲಿನ ಚಿಲಕವನ್ನೂ ಬದಲಿಸುವ ಹಾಗಿರಲಿಲ್ಲ.

ಹುಡುಗನ ಮನೆ ಹೊಳೆಯಾಚೆ, ಮೂರನೆಯ ಮಹಡಿಯಲ್ಲಿ. ಹುಡುಗನ ಅಪ್ಪ ಲಿಫ್ಟ್ ರಿಪೇರಿಯವರು. ಅವರ ಕಟ್ಟಡದ ಲಿಫ್ಟೇ ಕೆಟ್ಟಿತ್ತು. ನಾವು ನಾಲ್ವರೂ ಏದುಸಿರು ಬಿಡುತ್ತ ಹತ್ತಿದ್ದು ಒಳ್ಳೆಯದೇ ಆಯಿತು, ಬಾಗಿಲಲ್ಲಿ ಭಾವ ಮಾತಾಡದಿದ್ದುದು ಯಾರಿಗೂ ಅನುಮಾನ ತರಲಿಲ್ಲ. ಒಳಗೆ ಗಾಜಿನ ಬೀರು, ಅದರಲ್ಲಿ ಲೋಟಗಳು, ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ ಅಜ್ಜ ಕಣ್ಣು ಮುಚ್ಚಿ ಕುಳಿತಿದ್ದರು.

"ಇವರಿಗೆ ಗಂಟಲು ಪೂರ್ತಿ ಹೋಗ್ಬಿಟ್ಟಿದೆ," ಎಂದಳು ಅಕ್ಕ.

ಭಾವ ತಲೆ ಅಲ್ಲಾಡಿಸಿದರು. ಹುಡುಗನ ಅಮ್ಮ ಚಹಾ ತಂದರು, ಬಿಸ್ಕತ್ತು ತಂದರು. ಸಂಬಳ, ಬಾಡಿಗೆ, ಮದುವೆಯಾದ ಮೇಲೆ ಯಾವ ದಡದಲ್ಲಿ ಮನೆ, ಎಲ್ಲದಕ್ಕೂ ಅಕ್ಕನೇ ಉತ್ತರ ಕೊಟ್ಟಳು. ನಾನು ದೇವರನ್ನು ನೆನೆಯುತ್ತ ಗಡಿಯಾರದ ಟಿಕ್ಕು ಕೇಳುತ್ತ ಕುಳಿತಿದ್ದೆ. ಎಲ್ಲ ಸಲೀಸಾಗಿ ನಡೆದಿತ್ತು, ಹುಡುಗನ ಸೋದರತ್ತೆ ಒಳಗಿನಿಂದ ಬರುವವರೆಗೆ.

ಅತ್ತೆ ಕಿವಿ-ಗಂಟಲಿನ ಆಸ್ಪತ್ರೆಯಲ್ಲಿ ನರ್ಸ್.

"ಯಾರಿಗೆ ಗಂಟಲು? ನಿಮಗಾ ಅಣ್ಣ? ಮಫ್ಲರ್ ತೆಗೀರಿ. ಬಿಸಿಗೆ ಇನ್ನೂ ಊದಿಕೊಳ್ಳುತ್ತೆ."

"ಬೇಡಮ್ಮ, ಔಷಧಿ ನಡೀತಿದೆ," ಎಂದು ಅಕ್ಕ ಅಡ್ಡ ಬಂದಳು.

"ಔಷಧಿ ಕೊಟ್ಟವನು ಗಂಟಲು ನೋಡಿದ್ನಾ? ನೋಡಿರಲ್ಲ. ಬಾಯಿ ತೆಗೀರಿ ಅಣ್ಣ. ಹಾಂ, ಹಾಗೆ." ಫೋನಿನ ಬೆಳಕು ಬಿಟ್ಟು, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಇಣುಕಿದಳು. "ಏನೂ ಆಗಿಲ್ವಲ್ಲ! ಮಗುವಿನ ಗಂಟಲು ಇದ್ದ ಹಾಗಿದೆ. ಎಲ್ಲಿ, ಆ ಅನ್ನಿ."

ಭಾವ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

"ಅನ್ನಿ ಅಣ್ಣ, ನಾಚಿಕೆ ಏನು?"

"ಆ..." ಎಂದರು ಭಾವ.

ಸಣ್ಣಗೇ ಅಂದಿದ್ದರು. ಆದರೆ ಆ ಅಕ್ಷರ ಎದೆಯಿಂದ ಎದ್ದು, ಗೋಡೆ ಮುಟ್ಟಿ, ಗಾಜಿನ ಬೀರುವಿನೊಳಗಿನ ಲೋಟಗಳನ್ನು ನಡುಗಿಸಿ ಹಿಂದಿರುಗಿತು. ಅತ್ತೆಯ ಕೈಯ ಚಮಚ ಹಾಗೇ ನಿಂತಿತು. ಹುಡುಗನ ಅಪ್ಪ ಎದ್ದು ನಿಂತರು. ಕುರ್ಚಿಯಲ್ಲಿ ಅಜ್ಜ ಕಣ್ಣು ಬಿಟ್ಟರು.

"ಇದು ಕಟುಕನ ದನಿ," ಎಂದರು ಅಜ್ಜ.

"ದನಿ ಮಾತ್ರ, ಯಜಮಾನರೇ. ನಾನು ಡಬ್ಬಿಂಗ್ ಕಲಾವಿದ," ಎಂದರು ಭಾವ. ಅದೂ ಅದೇ ದನಿಯಲ್ಲಿ ಬಂದದ್ದರಿಂದ ಸಮಾಧಾನದ ಬದಲು ಆಜ್ಞೆಯ ಹಾಗೆ ಕೇಳಿಸಿತು.

"ಅಯ್ಯೋ ದೇವರೇ, ಅವನ ಬಾಯಿಗೆ ನಮ್ಮನೆ ಚಮಚ ಹಾಕ್ಬಿಟ್ನಲ್ಲ," ಎಂದಳು ಅತ್ತೆ.

ಹುಡುಗನ ಅಪ್ಪ ಮಗನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದರು. ಹುಡುಗ ಹೌದೆಂದು ತಲೆ ಅಲ್ಲಾಡಿಸಿದ. ಅಂದು ಆ ಕೋಣೆಯಲ್ಲಿ ತಲೆ ಅಲ್ಲಾಡಿಸುವುದೇ ಹೆಚ್ಚಾಗಿತ್ತು. ಅಕ್ಕ ಚೀಲ ಹೆಗಲಿಗೇರಿಸಿದಳು. ನಾನೂ ಎದ್ದೆ.

"ಕೂತ್ಕೊಳ್ಳಿ," ಎಂದರು ಅಜ್ಜ. "ಹುಡುಗಿ ಬೇಕು ಅಂದ್ರೆ ನಂದೊಂದು ಮಾತು. ಇವರು ಆ ದನೀಲಿ ಒಂದು ಸಲ 'ತಪ್ಪಾಯ್ತು' ಅನ್ಲಿ."

ಇಂಥ ಮಾತು ಹೊರಗೆ ಹೋದರೆ ನಮ್ಮ ಕಡೆ ಭಾವನಿಗೆ ಮತ್ತೆ ಯಾರೂ ಮೈಕು ಕೊಡುವುದಿಲ್ಲ ಎಂಬುದು ಅಕ್ಕನಿಗೂ ನನಗೂ ಗೊತ್ತಿತ್ತು. ಆದರೆ ಭಾವ ಯೋಚಿಸುತ್ತಿದ್ದದ್ದು ಅದನ್ನಲ್ಲ. ಮಫ್ಲರು ಬಿಚ್ಚಿ ಮಡಿಲಲ್ಲಿಟ್ಟು, ಕೆಲಸಕ್ಕೆ ಕುಳಿತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, "ಅಳ್ತಾ ಹೇಳ್ಬೇಕೋ, ತಣ್ಣಗೆ ಹೇಳ್ಬೇಕೋ?" ಎಂದು ಕೇಳಿದರು.

"ನಿಜವಾಗಿ ಹೇಳ್ಬೇಕು."

"ತಪ್ಪಾಯ್ತು," ಎಂದರು ಭಾವ. ಗಂಟಲು ಕಟ್ಟಿ, ತುಂಬ ಗಂಭೀರವಾಗಿ ಬಂತು.

"ಇದು ನಿಮ್ಮೂರಿನ ಸಿನಿಮಾ," ಎಂದರು ಅಜ್ಜ. "ತಪ್ಪು ಮಾಡಿದ್ದಕ್ಕೂ ಪದಕ ಕೊಡ್ಬೇಕು ಅನ್ನೋ ಹಾಗಿದೆ."

ಭಾವ ಮತ್ತೊಮ್ಮೆ ಹೇಳಿದರು. ಈ ಸಲ ಮಾತಿಗೆ ಮೊದಲು, ಬೇಡವೆಂದರೂ, ಸಣ್ಣ ನಗು ನುಸುಳಿತು.

"ಇದು ನಮ್ಮೂರಿಂದು. ನಾನೇ ದುಡ್ಡು ಕೊಟ್ಟು ನೋಡಿದೀನಿ."

ಮೂರನೆಯ ಸಲ ಭಾವ ಭಾವನೆಯನ್ನೆಲ್ಲ ಒರೆಸಿಹಾಕಿ ಹೇಳಿದರು. "ರೈಲು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತೆ?" ಎಂದಳು ಅತ್ತೆ. ಯಾರೂ ನಗಲಿಲ್ಲ.

ಭಾವ ಮಫ್ಲರಿನಿಂದ ಹಣೆಯೊರೆಸಿಕೊಂಡರು. ಮೂರು ದೇಶಗಳು ಅವರ ಗಂಟಲಲ್ಲಿ ಮೂರು ದಾರಿ ಕಡಿದಿದ್ದವು, ನಾಲ್ಕನೆಯದಿರಲಿಲ್ಲ. "ಯಜಮಾನರೇ, ಈ ಮಾತು ಯಾರೂ ನಂಗೆ ಬರ್ಕೊಟ್ಟಿಲ್ಲ," ಎಂದರು. "ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಅಪ್ಪಾ..." ಎಂದಳು ಮಗಳು, ಅಷ್ಟೇ.

ಅಜ್ಜ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ಊರಿಗೆಲ್ಲ ಹೇಳೋಕೆ ಹೋಗ್ಬೇಡ," ಎಂದರು. ಯಾವಾಗ ಏಕವಚನಕ್ಕೆ ಇಳಿದರೋ ಅವರಿಗೇ ತಿಳಿಯಲಿಲ್ಲ. "ಒಬ್ಬಳಿಗೆ ಹೇಳು. ಅವಳನ್ನ ಪುಟ್ಟಿ ಅಂತಿದ್ವಿ. ನಾನು ಮುಂದೆ ಓಡಿದೆ. ಅವಳ ಚಪ್ಪಲಿ ಕಿತ್ತಿತ್ತು, ಹಾಕ್ಕೋತೀನಿ ಅಂತ ನಿಂತ್ಲು. ಅವಳಿಗೆ ಹೇಳು. ಕೂಗ್ಬೇಡ, ಹೆದರ್ಕೋತಾಳೆ."

ಭಾವ ಮುಂದಕ್ಕೆ ಬಾಗಿದರು. ಆಮೇಲೆ ಆ ದಪ್ಪ ದನಿಯನ್ನು ಮಗುವಿನ ಎತ್ತರಕ್ಕೆ ಬಗ್ಗಿಸಿದ ಹಾಗೆ ಹೇಳಿದರು:

"ಪುಟ್ಟೀ, ತಪ್ಪಾಯ್ತಮ್ಮ. ನೀನಿನ್ನೂ ಅಲ್ಲೇ ಇದೀಯ ಅಂತ ನಂಗೆ ಗೊತ್ತಿತ್ತು. ಕ್ಷಮಿಸ್ತೀಯಾ?"

ಅಜ್ಜ ಕುರ್ಚಿಯ ತೋಳು ಹಿಡಿದು, ಕಷ್ಟಪಟ್ಟು, ನೆಟ್ಟಗೆ ನಿಂತರು.

"ಇಲ್ಲ," ಎಂದರು. "ಕ್ಷಮಿಸಲ್ಲ."

ಅಕ್ಕನ ಕಣ್ಣಲ್ಲಿ ನೀರು ಬಂತು. ಹುಡುಗ "ತಾತ!" ಎಂದು ಮುಂದೆ ಬಂದ. ಅವನಪ್ಪ ನಮ್ಮ ಮುಖ ನೋಡಲಾರದೆ ಬಾಗಿಲ ಕಡೆ ನೋಡಿದರು. ಆದರೆ ಅಜ್ಜನ ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಮೂಟೆಯನ್ನು ಇಳಿಸಿ, ಬೆನ್ನು ಮುಟ್ಟಿ ನೋಡಿಕೊಳ್ಳುವ ಕೂಲಿಯವನ ಹಾಗೆ ನಿಂತಿದ್ದರು.

"ನೀವೆಲ್ಲ ಯಾಕೆ ಹೀಗೆ ಮುಖ ಮಾಡ್ಕೊಂಡಿದೀರ?" ಎಂದರು. "ನಾನು ಅವನಿಗೆ ಹೇಳಿದ್ದು, ಇವರಿಗಲ್ಲ. ಅವನು ಕೇಳಿದ್ರೆ ತಾನೇ ನಾನು ಇಲ್ಲ ಅನ್ನೋಕಾಗೋದು? ಇಷ್ಟು ವರ್ಷ ಪಾಪಿ ಕೇಳ್ಲೇ ಇಲ್ಲ." ಸೊಸೆಯ ಕಡೆ ತಿರುಗಿ, "ಬೀಗರ ಚಹಾ ಆರಿಹೋಗಿದೆ, ಬೇರೆ ತಾ. ಆ ಮಕ್ಕಳಿಬ್ಬರನ್ನೂ ಒಳಗೆ ಕರ್ಕೊಂಡ್ಹೋಗಿ ಮದುವೆಗೆ ದಿನ ನೋಡ್ಕೊಳ್ಳೋಕೆ ಹೇಳು," ಎಂದರು.

ಅಕ್ಕ ಚೀಲವನ್ನು ಕೆಳಗಿಟ್ಟಳು, ಕಣ್ಣೊರೆಸಿಕೊಂಡಳು, ಮತ್ತೆ ಅತ್ತಳು. ಅತ್ತೆ ಚಮಚ ತೊಳೆಯಲು ಹೋದಳು. ಅಡುಗೆಮನೆಯಿಂದ ಮಗಳ ನಗು ಕೇಳಿಸಿತು. ಈಗ ಏಳಬಹುದು ಎಂದು ನಾನು ಭಾವನ ಹೆಗಲು ಮುಟ್ಟಿದೆ. ಅವರು ಏಳಲಿಲ್ಲ. ಕಣ್ಣು ಮುಚ್ಚಿ, ತಾವು ಹೇಳಿದ್ದನ್ನೇ ಒಳಗೊಳಗೆ ಮತ್ತೆ ಕೇಳಿಸಿಕೊಳ್ಳುತ್ತಿದ್ದರು.

"ಯಜಮಾನರೇ," ಎಂದರು ಕೊನೆಗೆ, "ಇನ್ನೊಂದು ಸಲ ತಗೊಳ್ಳೋಣವಾ? 'ಗೊತ್ತಿತ್ತು' ಅನ್ನೋ ಕಡೆ ಉಸಿರು ಜಾಸ್ತಿ ಬಂತು."

"ತಗೊಳ್ಳೋಣ," ಎಂದರು ಅಜ್ಜ. ಕುಳಿತು, ಅಂಗಿಯ ಕಾಲರು ಸರಿಮಾಡಿಕೊಂಡು, ಇಲ್ಲ ಎನ್ನಲು ಅಣಿಯಾದರು.