ಪಿಸುದನಿಯ ರಕ್ಕಸ

"ನಿನ್ನ ಕೊಡೋದು ಆ ರಕ್ಕಸನಿಗಂತೆ ಕಣೇ!"

ಚಿಕ್ಕಮ್ಮನ ಮಗಳು ಗಂಗುಲಮ್ಮ ಸೊಪ್ಪಿನ ಪುಟ್ಟಿ ಇಳಿಸುವ ಮೊದಲೇ ಹೇಳಿಬಿಟ್ಟಳು. ಶಾಂತಕುಮಾರಿಯ ಕೈಯಲ್ಲಿದ್ದ ಹಿಪ್ಪುನೇರಳೆ ಕಡ್ಡಿ ಕೆಳಗೆ ಬಿತ್ತು.

"ಯಾವ ರಕ್ಕಸನೇ?"

"ನಾಟಕದ ವೆಂಕಟರವಣಪ್ಪ. ನಾಳೆ ಹೆಣ್ಣು ನೋಡೋಕೆ ಇಲ್ಲಿಗೇ ಬರ್ತಾರಂತೆ. ಸೊಪ್ಪು ಕೊಯ್ಯಾಕೆ ಅಂತ ನಮ್ಮಮ್ಮ ನಿನ್ನ ಜಂಗಮಕೋಟೆಗೆ ಕರ್ಸಿದ್ದು ಇದಕ್ಕೇ."

ನಾಲ್ಕು ವರ್ಷದ ಹಿಂದೆ ಇದೇ ಊರಿನ ನಾಟಕದಲ್ಲಿ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅವನು ಕೋರೆಹಲ್ಲು ಕಟ್ಟಿ, ಕತ್ತಿ ಹಿಡಿದು ಹೆಂಗಸರ ಕಡೆಗೇ ಹಾರಿದ್ದ. ಶಾಂತಕುಮಾರಿ ಚಿಕ್ಕಮ್ಮನ ಮನೆಗೆ ಓಡಿ ಅಗುಳಿ ಹಾಕಿಕೊಂಡಿದ್ದಳು. ಮೂರು ದಿನ ಅನ್ನ ಇಳಿದಿರಲಿಲ್ಲ.

"ದೇವುಡಾ! ನಾಲ್ಕು ಗಂಟೆ ಬಸ್ಸಿಗೆ ಊರಿಗೆ ಹೋಗ್ಬಿಡ್ತೀನಿ."

"ಹೋಗುವಂತೆ. ಒಂದ್ಸಲ ಬೆಳಕಲ್ಲಿ ಮುಖ ನೋಡು. ಗೂಡು ಕಟ್ಟೋ ಹುಳ ಬಿಡೋಕೆ ಬಿದಿರು ಚಂದ್ರಿಕೆ ಕೊಡಿ ಅಂತ ಕೇಳಣ ಬಾರೇ."

ಅವನ ಮನೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ರೇಷ್ಮೆ ಹುಳುಮನೆಯ ಕದ ಅರೆ ತೆರೆದಿತ್ತು. ಒಳಗಿಂದ ಹಾಡು ಬರುತ್ತಿತ್ತು. ಶಾಂತಕುಮಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಅದೇ ಹಾಡು. ಅಂದು ನೆಲ ಒದ್ದು, ಗರ್ಜಿಸಿ ಹಾಡಿದ್ದು.

ಈಗ ಪಿಸುದನಿಯಲ್ಲಿ.

"ಮೂರು ಲೋಕವ ಗೆದ್ದೆ, ಮೂರು ಲೋಕವೂ ಕದ ಮುಚ್ಚಿತು. ಯಾರ ಮನೆಯಲಿ ನೀರು ಕೇಳಲಿ..."

'ನೀರು' ಅನ್ನುವಲ್ಲಿ ದನಿ ಕಟ್ಟಿತು. ಮತ್ತೆ ಮೊದಲಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತ.

ಗಂಗುಲಮ್ಮನ ಕಾಲಿಗೆ ಬಕೆಟ್ಟು ತಾಗಿ ಸದ್ದಾಯಿತು.

"ಯಾರದು?" ಬೆಚ್ಚಿದ ದನಿ. ಹೊರಬಂದವನಿಗೆ ತೆಳು ಮೀಸೆ, ಅಂಗಿಯ ಮೇಲೆಲ್ಲ ಸೊಪ್ಪಿನ ಚೂರು. "ಮೆಲ್ಲಗೆ ಮಾತಾಡ್ರಮ್ಮ. ಹುಳ ಪೊರೆ ಬಿಡೋ ಜ್ವರಕ್ಕೆ ಕೂತವೆ. ಅದು ಮುಗಿಯೋವರ್ಗೂ ಸದ್ದು ಮಾಡಂಗಿಲ್ಲ."

"ಅದಕ್ಕೇ ರಕ್ಕಸ ಬೆಕ್ಕಿನ ಮರಿ ಆಗವ್ನೆ," ಗಂಗುಲಮ್ಮ ನಕ್ಕಳು. "ಇವಳು ನಮ್ಮ ದೊಡ್ಡಮ್ಮನ ಮಗಳು, ಶಾಂತಕುಮಾರಿ."

ಅವನು ಕದದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ನಾಳೆ... ನಾವು ಬರಬೇಕು ಅಂತ," ಅವನು ನೆಲ ನೋಡಿದ. "ಇದಕ್ಕೆ ಮುಂಚೆ ಎರಡು ಕಡೆ ಹೋಗಿದ್ವಿ. ಹುಡುಗೀರು ಒಳಗಿಂದ ಆಚೆಗೇ ಬರ್ಲಿಲ್ಲ. ನಿಮಗೂ ಭಯ ಆದ್ರೆ ಈಗ್ಲೇ ಹೇಳ್ಬಿಡಿ. ಬರಲ್ಲ."

ಊರ ಮುಂದೆ ನಾಲ್ಕು ಗಂಟೆ ಬಸ್ಸಿನ ಹಾರನ್ ಕೇಳಿಸಿತು. ಗಂಗುಲಮ್ಮ ಸೆರಗು ಜಗ್ಗಿದಳು. ಶಾಂತಕುಮಾರಿ ಆ ಕಡೆ ತಿರುಗಲಿಲ್ಲ.

"ಭಯ ಆಗ್ತದೆ," ಎಂದಳು. ಅವಳ ದನಿಯೂ ಪಿಸುಗುಟ್ಟುತ್ತಿತ್ತು. "ನಾಳೆ ಮೂರು ಗಂಟೆಗೆ ಬನ್ನಿ. ನೀರು ನಾನೇ ತಂದ್ಕೊಡ್ತೀನಿ."