ಹತ್ತರಿಂದ ಹನ್ನೊಂದು, ಮಗ್ಗ ನಿಲ್ಲೋ ಹೊತ್ತು

ನಮ್ಮ ಬೀದೀಲಿ ಮಾತಾಡ್ಬೇಕು ಅಂದ್ರೆ ಕೂಗ್ಬೇಕು. ಸೇಲಂ ಊರೊಳಗೆ ಹದಿನೆಂಟು ಮಗ್ಗ ಇರೋ ಬೀದಿ ಇದು. ಬೆಳಿಗ್ಗೆ ಆರಕ್ಕೆ ಒಂದು ಮನೇಲಿ ಟಕ್ ಅಂದ್ರೆ ಸಾಕು, ಎಡಕ್ಕೂ ಬಲಕ್ಕೂ ಟಕ್ ಟಕ್ ಶುರು. ಹೆಣ್ಣು ನೋಡೋಕೆ ಬಂದ ನೆಂಟರು, ಇವರೇನು ಇಂಗೆ ಜಗಳ ಆಡ್ತಾವ್ರೆ ಅಂತ ಹೆದರಿಕೊಂಡಿದ್ದೂ ಉಂಟು. ನಾನು ಕುಪ್ಪಮ್ಮ, ಈ ಬೀದಿ ಹೆಂಗಸರ ಸಂಘದ ಲೀಡರ್. ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು, ಅದಕ್ಕೇ ಲೀಡರ್ ಮಾಡವ್ರೆ ಅಂತ ನನ್ನ ಗಂಡ ಈಗಲೂ ಹಂಗಿಸ್ತಾನೆ.

ಇಂಥಾ ಬೀದೀಲಿ ಒಂದು ಮಗೀಗೆ ಕಿವಿ ಕೇಳ್ತಿಲ್ಲ ಅನ್ನೋದು ಎರಡೂವರೆ ವರ್ಷ ಯಾರಿಗೂ ಗೊತ್ತಾಗ್ಲಿಲ್ಲ. ಪಕ್ಕದ ಮನೇಲೇ ಇದ್ದ ನನಗೂ ಗೊತ್ತಾಗ್ಲಿಲ್ಲ. ನಾಚಿಕೆ ಬಿಟ್ಟು ಹೇಳ್ತಾ ಇದ್ದೀನಿ.

ಮಗು ಹೆಸರು ಕಲೈಸೆಲ್ವಿ. ನಾವು ಕಲೈ ಅಂತೀವಿ. ಧನಶೇಖರ್, ಸುಗನ್ಯಾ ಅವರ ಒಬ್ಬಳೇ ಮಗಳು. ಮನೇಲಿ ನಡೆಯೋದು ಮಾತ್ರ ಅಜ್ಜಿ ಕಣ್ಣಮ್ಮನ ಮಾತು. ಅರವತ್ತೆರಡು ವಯಸ್ಸು, ಇವತ್ತಿಗೂ ಗುಳಿ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯ್ತಾಳೆ. ನೆಲದಲ್ಲಿ ಗುಳಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯೋ ಮಗ್ಗ ಅದು. ಮಗು ಪಕ್ಕದಲ್ಲೇ ಬರೀ ನೆಲದ ಮೇಲೆ ನೂಲು ಸುತ್ತಿದ ಕಂಡಿಕೆ ಉರುಳಿಸ್ಕೊಂಡು ಆಡ್ತಿತ್ತು. ಚೂಟಿ ಮಗು. ಆದ್ರೆ ಒಂದೇ ಒಂದು ಮಾತಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ.

ಮೊದಲು ಅನುಮಾನ ಪಟ್ಟಿದ್ದು ಅಂಗನವಾಡಿ ಟೀಚರ್ ಶಾಂತಿ. ಧರ್ಮಪುರಿ ಕಡೆ ಕಾರಿಮಂಗಲಂ ಹುಡುಗಿ, ಕುರಿ ಸಾಕೋ ಮನೆಯವಳು, ನಮ್ಮ ಥರಾನೇ ಮನೇಲಿ ಕನ್ನಡ. ಒಂದಿನ ಮಗೀನ ಎತ್ಕೊಂಡು ಬಾಗಿಲಿಗೇ ಬಂದ್ಲು.

"ಕಣ್ಣಮ್ಮಕ್ಕ, ಅಂಗನವಾಡೀಲಿ ಮಕ್ಕಳ ಇಂದೆ ನಿಂತು ತಟ್ಟೆ ಬಡಿದೆ. ಎಲ್ಲಾ ಮಕ್ಕಳೂ ಬೆಚ್ಚಿಬಿದ್ದವು. ಕಲೈ ತಿರುಗ್ಲೇ ಇಲ್ಲ. ಒಂದ್ಸಲ ದೊಡ್ಡಾಸ್ಪತ್ರೇಲಿ ಕಿವಿ ತೋರಿಸೋಣ."

ಕಣ್ಣಮ್ಮನಿಗೆ ಎಲ್ಲಿತ್ತೋ ಸಿಟ್ಟು! "ಏನಮ್ಮಾ ಟೀಚರ್, ಬಾಯಿಗೆ ಬಂದಂಗೆ ಅಂತೀಯ? ನನ್ನ ಮಗ್ಗ ನಿಂತ್ರೆ ಸಾಕು, ಈ ಮಗು ಟಕ್ ಅಂತ ತಿರುಗಿ ನನ್ನ ಮುಖ ನೋಡ್ತೈತೆ. ಕಿವಿ ಕೇಳ್ದೆ ಎಂಗೆ ತಿರುಗ್ತೈತೆ? ಅದರಪ್ಪನೂ ನಾಕು ವರ್ಷಕ್ಕೇ ಮಾತಾಡಿದ್ದು."

ನಾನೂ ತಾಳ ಹಾಕ್ದೆ. "ಆಮಾ ಆಮಾ, ನಾನೂ ಕಣ್ಣಾರೆ ನೋಡಿವ್ನಿ" ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಶಾಂತಿ ಹೋಗ್ಲಿಲ್ಲ. "ನಮ್ಮಪ್ಪ ಕುರಿ ಕಾಯೋನು ಅಕ್ಕ. ಕೂಗಿಗೆ ತಿರುಗದ ಮರೀನ ಒಂದೇ ದಿನಕ್ಕೆ ಪತ್ತೆ ಮಾಡ್ತಿದ್ದ."

"ನನ್ನ ಮೊಮ್ಮಗಳು ಕುರಿಯೇನೇ?"

"ಅಯ್ಯೋ, ಅಂಗಲ್ಲ ಅಕ್ಕ. ಮಗು ಕೂತಿರೋದು ನೆಲದ ಮೇಲೆ. ನಿನ್ನ ಮಗ್ಗ ಇರೋದು ಅದೇ ನೆಲದೊಳಗೆ. ಮಗ್ಗ ಆಡ್ತಿದ್ರೆ ನೆಲ ಅದುರ್ತೈತೆ, ನಿಂತ್ರೆ ಅದುರೋದು ನಿಲ್ತೈತೆ. ಅದು ಮೈಗೆ ಗೊತ್ತಾಗ್ತೈತೆ, ಕಿವಿಗಲ್ಲ. ಒಂದು ಕೆಲಸ ಮಾಡು. ಮಗೀನ ನೆಲದಿಂದ ಮೇಲೆತ್ತಿ ನೋಡು."

ಸೂರಿನ ತೊಲೆಗೆ ಕಟ್ಟಿದ ಸೀರೆ ತೊಟ್ಟಿಲು ಅಲ್ಲೇ ತೂಗ್ತಿತ್ತು. ಸುಗನ್ಯಾ ಮಗೀನ ಅದರಲ್ಲಿ ಕೂರಿಸಿ ಮುಖ ಗೋಡೆ ಕಡೆ ಮಾಡಿದ್ಲು. ಕಣ್ಣಮ್ಮ ಗುಳಿಗೆ ಇಳಿದು, ಈಗ ನೋಡು ಅಂತ ಜೋರಾಗಿ ನಾಕು ಸಲ ಲಾಳಿ ಹೊಡೆದು ನಿಲ್ಲಿಸಿದ್ಲು. ಮಗು ತಿರುಗ್ಲಿಲ್ಲ. ಮತ್ತೆ ಹೊಡೆದು ನಿಲ್ಲಿಸಿದ್ಲು. ಮಗು ತನ್ನ ಕಾಲ್ಬೆರಳು ಹಿಡ್ಕೊಂಡು ಆಡ್ತಾನೇ ಇತ್ತು. ಏಳು ಸಲ ಮಾಡಿದ್ಲು. ಆಮೇಲೆ ಎದ್ದು ಬಂದು ಹಿತ್ತಾಳೆ ತಟ್ಟೆ ತಗೊಂಡು ಮಗೀನ ಹಿಂದೇನೇ ಬಡಿದ್ಲು. ಪಕ್ಕದ ಮನೆಯವರು ಓಡಿ ಬಂದ್ರು. ಮಗು ಕಣ್ಣು ಮಿಟುಕಿಸ್ಲಿಲ್ಲ.

ಕಣ್ಣಮ್ಮ ತಟ್ಟೆ ಕೆಳಗಿಟ್ಟು ಅಲ್ಲೇ ಕುಸಿದು ಕೂತ್ಲು. "ಅಯ್ಯೋ ನನ್ನ ಕಂದ, ಇಷ್ಟು ದಿನ ನಾನು ನಿನಗೆ ಏಳಿದ್ದೆಲ್ಲ ಗೋಡೆಗೆ ಏಳಿದಂಗೆ ಆಯ್ತಲ್ಲೇ" ಅಂತ ಅತ್ಲು. ಅವಳು ಅತ್ತಿದ್ದು ನಾನು ಅದೇ ಮೊದಲು ನೋಡಿದ್ದು.

ಸುಗನ್ಯಾ ಒಳಗೆ ಹೋಗಿ ಜರಿ ಡಬ್ಬಿ ತಂದ್ಲು. ತಳದಲ್ಲಿ ಒಂದು ಚೀಟಿ ಇತ್ತು. ಹೆರಿಗೆ ಆದಾಗ ಆಸ್ಪತ್ರೇಲಿ ಕೊಟ್ಟಿದ್ದು, ಒಂದು ತಿಂಗಳು ಬಿಟ್ಟು ಮತ್ತೆ ಕಿವಿ ಪರೀಕ್ಷೆಗೆ ಬನ್ನಿ ಅಂತ ಬರೆದಿತ್ತು. "ಆವತ್ತು ನಮ್ಮ ಮನೆ ಹಾಸು ಎಳೆಯೋ ದಿನ ಟೀಚರ್. ಓಗೋಕಾಗ್ಲಿಲ್ಲ. ಆಮೇಲೆ ಮರ್ತೇಬಿಟ್ವಿ" ಅಂತ ತಲೆ ತಗ್ಗಿಸಿದ್ಲು.

ಹಾಸು ಎಳೆಯೋದು ಅಂದ್ರೆ ಸೀರೆಯ ಉದ್ದನೆ ಎಳೆಗಳನ್ನ ಬೆಳಗಿನ ಜಾವ ಬೀದಿ ಉದ್ದಕ್ಕೂ ಬಿಗಿದು, ಗಂಜಿ ಹಾಕಿ, ಬಿಸಿಲೇರೋ ಮುಂಚೆ ಸುತ್ತೋದು. ಆವತ್ತು ಇಡೀ ಬೀದಿ ಬಂದು ಎಳೆ ಹಿಡಿಯುತ್ತೆ. ನಾನೂ ಹಿಡಿದಿದ್ದೆ. ಅದೇ ದಿನ ಮಗೀನ ಕರ್ಕೊಂಡು ಹೋಗು ಅಂತ ಯಾರಾದ್ರೂ ಅಂದಿದ್ರೆ, ಎರಡೂವರೆ ವರ್ಷ ಉಳೀತಿತ್ತು.

ಮಾರನೇ ದಿನವೇ ಹೊರಟ್ರು. ಶಾಂತಿ ಜೊತೆಗೇ ಟೌನ್ ಬಸ್ ಹತ್ತಿದ್ಲು. ಸರ್ಕಾರಿ ಆಸ್ಪತ್ರೇಲಿ ಮಗೀನ ಮಲಗಿಸಿ, ತಲೆಗೆ ವೈರ್ ಅಂಟಿಸಿ ಪರೀಕ್ಷೆ ಮಾಡಿದ್ರು. ಎರಡು ಕಿವೀನೂ ಕೇಳಲ್ಲ ಅಂದ್ರು. ಮೊದಲು ಕೆಲವು ತಿಂಗಳು ಕಿವಿ ಮಿಷಿನ್ ಹಾಕಿ ನೋಡೋದು, ಸಾಲದಿದ್ರೆ ಕಿವಿ ಒಳಗೆ ಮಿಷಿನ್ ಇಡೋ ಆಪರೇಶನ್. ಮಗ್ಗ ಮಾರಿದ್ರೂ ನಮ್ಮಂಥೋರ ಕೈಗೆ ಆಗೋ ಮಾತಲ್ಲ ಅದು. ಸರ್ಕಾರದ ವಿಮೆ ಕಾರ್ಡಿನ ಮೇಲೆ ಆಗುತ್ತೆ ಅಂತ ಡಾಕ್ಟರಮ್ಮ ಹೇಳಿದಾಗ ಧನಶೇಖರ್ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ. "ಆದ್ರೆ ತಡ ಮಾಡಬೇಡಿ. ಮಗು ಚಿಕ್ಕದಿದ್ದಷ್ಟೂ ಮಾತು ಬೇಗ ಬರುತ್ತೆ. ವಯಸ್ಸು ಮೀರಿದ್ರೆ ಮಾತು ಕಲಿಯೋದು ಬಹಳ ಕಷ್ಟ" ಅಂದ್ರಂತೆ.

ಮಿಷಿನ್ ಸಾಲಲಿಲ್ಲ. ಆಪರೇಶನ್ ಆಯ್ತು, ಸುಸೂತ್ರವಾಗೇ ಆಯ್ತು. ಗಾಯ ಮಾಗಿದ ಮೇಲೆ ಒಂದಿನ ಕರೆದು ಮಿಷಿನ್ ಆನ್ ಮಾಡಿದ್ರು. ಇನ್ನೇನು, ಸಂಜೆಗೆ ಮಗು ಮಾತಾಡ್ತೈತೆ ಅಂತ ನಾನು ಕೇಸರಿಬಾತ್ ಮಾಡಿಟ್ಟೆ ನೋಡಿ. ಅಂಥಾ ದಡ್ಡಿ ನಾನು!

ಆಪರೇಶನ್ ಆದ ಮೇಲೇ ಅಸಲಿ ಕೆಲಸ ಇರೋದು. ಹುಟ್ಟಿದ ಕೂಸಿಗೆ ಕಲಿಸಿದಂಗೆ ಒಂದೊಂದೇ ಸದ್ದು ಕಲಿಸ್ಬೇಕು. ಆಸ್ಪತ್ರೆಯವರು ಮಕ್ಕಳಿಗೆ ಮಾತು ಕಲಿಸೋ ಒಂದು ಟ್ರಸ್ಟಿನ ಜೊತೆ ಮಾತಾಡಿದ್ರು. ಆ ಟ್ರಸ್ಟಿಂದ ವಿಶ್ವನಾಥನ್ ಅಂತ ಮೇಷ್ಟ್ರು ವಾರಕ್ಕೆರಡು ಸಲ ನಮ್ಮ ಬೀದಿಗೇ ಬರೋಕೆ ಒಪ್ಪಿದ್ರು. ನೇಕಾರರ ಸೊಸೈಟಿ ತನ್ನ ನೂಲಿನ ಕೋಣೆ ಬಿಟ್ಟುಕೊಡ್ತು. ಆ ಹೊತ್ತಿಗೆ ಸುಗನ್ಯಾ ಸುತ್ತಬೇಕಾದ ಕಂಡಿಕೆ ನಮ್ಮ ಸಂಘದ ಹೆಂಗಸರು ಸರದಿ ಮೇಲೆ ಸುತ್ತಿಕೊಟ್ವಿ. ಕಂಡಿಕೆ ಇಲ್ಲ ಅಂತ ಅವರ ಮನೆ ಮಗ್ಗ ಒಂದಿನವೂ ನಿಲ್ಲಲಿಲ್ಲ.

ಮೊದಲ ದಿನ ಸುಗನ್ಯಾ ಮೇಷ್ಟ್ರನ್ನ ಕೇಳಿದ್ಲು, "ಸಾರ್, ಸ್ಕೂಲಲ್ಲಿ ತಮಿಳು. ಇನ್ಮೇಲೆ ಮನೇಲೂ ತಮಿಳೇ ಆಡ್ಬೇಕಾ?" ಆತನಿಗೆ ಕನ್ನಡ ಬರಲ್ಲ. ನಗ್ತಾ "ಉಂಗ ವೀಟ್ಟು ಪೇಚ್ಚುಲಯೇ ಪೇಸುಂಗಮ್ಮಾ" ಅಂದ್ರು. ನಿಮ್ಮ ಮನೆ ಮಾತಲ್ಲೇ ಆಡಿ ಅಂತ. ಕಣ್ಣಮ್ಮನ ಮುಖ ಅರಳಿತು. ಆತ ಕನ್ನಡದ ಹತ್ತಿಪ್ಪತ್ತು ಮಾತು ತಾನೇ ಬರ್ಕೊಂಡು ಕಲಿತ್ರು. ಎಂಥಾ ಮನುಷ್ಯ ಅಂತೀರಿ!

ತೊಂದರೆ ಬಂದಿದ್ದು ಮನೇಲಿ. ಮಗ್ಗದ ಸದ್ದು ಕಿವಿಗೆ ಬಿದ್ದಿದ್ದೇ ತಡ, ಕಲೈ ಕಿರುಚಿ, ಕಿವಿ ಹೊರಗೆ ಹಾಕೋ ಮಿಷಿನ್ ಭಾಗ ಕಿತ್ತೆಸೀತಿತ್ತು. ಕಣ್ಣಮ್ಮ ತನ್ನ ಮಗ್ಗ ನಿಲ್ಲಿಸಿದ್ಲು. ಏನು ಬಂತು? ಎಡಗೋಡೆ ಆಚೆ ಮಗ್ಗ, ಬಲಗೋಡೆ ಆಚೆ ನನ್ನ ಮಗ್ಗ. ಮೇಷ್ಟ್ರು ಬಂದು ನೋಡಿ ತಲೆ ಅಲ್ಲಾಡಿಸಿದ್ರು. ದಿನಕ್ಕೆ ಒಂದು ಗಂಟೆಯಾದ್ರೂ ನಿಶ್ಶಬ್ದ ಬೇಕು, ಇಲ್ಲದಿದ್ರೆ ಮಗೀಗೆ ಮನುಷ್ಯರ ದನಿ ಬೇರೆ, ಗದ್ದಲ ಬೇರೆ ಅಂತ ತಿಳಿಯಲ್ಲ, ಇಷ್ಟು ಮಾಡಿದ್ದೂ ದಂಡ ಆಗುತ್ತೆ ಅಂದ್ರು.

ಆ ಸಂಜೆ ಸೊಸೈಟಿ ಮುಂದೆ ಬೀದಿಯವರನ್ನೆಲ್ಲ ಸೇರಿಸ್ದೆ. ಸೊಸೈಟಿ ಅಧ್ಯಕ್ಷ ಅರುಣಾಚಲಂ ತಲೆ ಕೆರ್ಕೊಂಡ. "ಹದಿನೆಂಟು ಮಗ್ಗ, ದಿನಾ ಒಂದು ಗಂಟೆ. ದೀಪಾವಳಿ ಸೀರೆ ಯಾರಮ್ಮಾ ಕೊಡ್ತಾರೆ?"

ಆಗ ಕಣ್ಣಮ್ಮ ಎದ್ದು ನಿಂತ್ಲು. ಯಾವತ್ತೂ ಯಾರನ್ನೂ ಏನೂ ಕೇಳಿದವಳಲ್ಲ.

"ನಿಮ್ಮನೆ ಹಾಸು ಎಳೆಯೋವಾಗ ನಾನು ಬಂದಿಲ್ವಾ? ಯಾರ ಸೀರೆ, ನನಗೇನು ಬತ್ತದೆ ಅಂತ ಕೇಳಿದ್ದೀನಾ? ಬಂದೆ, ಎಳೆ ಹಿಡ್ದೆ. ಹಾಸಲ್ಲಿ ಎಳೆ ಕಡಿದ್ರೆ ಗಂಟು ಹಾಕ್ಬಹುದು. ಈ ಮಗೀಗೆ ಹೊತ್ತು ಮೀರಿದ್ರೆ ಗಂಟು ಹಾಕೋಕಾಗಲ್ಲ ಕಣ್ರಪ್ಪಾ. ಇದೂ ನಮ್ಮನೆ ಹಾಸು ಅಂದ್ಕೊಳ್ಳಿ. ಒಂದು ಗಂಟೆ ಹಿಡ್ಕೊಳ್ಳಿ."

ಅರುಣಾಚಲಂ ನೆಲ ನೋಡಿದ. ಆಮೇಲೆ ಮೆಲ್ಲಗೆ, "ಹತ್ತರಿಂದ ಹನ್ನೊಂದು" ಅಂದ. "ನೂಲು ಕೊಡೋದು, ಸೀರೆ ನೋಡೋದು ಎಲ್ಲಾ ಆ ಹೊತ್ತಿಗೇ ಇಟ್ಕೊಳ್ತೀನಿ. ಕಂಡಿಕೆ ಸುತ್ತೋರು ಸುತ್ಕೊಳ್ಳಿ, ಎಳೆ ಗಂಟು ಹಾಕೋರು ಹಾಕ್ಕೊಳ್ಳಿ. ಮಗ್ಗ ಮಾತ್ರ ಯಾರೂ ಮುಟ್ಟಬೇಡಿ. ಆರರ ಬದಲು ಐದೂವರೆಗೆ ಕೂತ್ರೆ ದೀಪಾವಳೀನೂ ಆಗುತ್ತೆ."

ಮರುದಿನ ಹತ್ತು ಗಂಟೆಗೆ ಒಂದೊಂದೇ ಮಗ್ಗ ನಿಂತವು. ಕೊನೆಗೆ ನಾನೂ ನಿಲ್ಲಿಸ್ದೆ. ಕಾಗೆ ಕೂಗಿದ್ದು, ತರಕಾರಿ ಗಾಡಿಯವನ ದನಿ, ಯಾರ ಮನೇದೋ ಒಗ್ಗರಣೆ ಚಟಪಟ, ಎಲ್ಲಾ ಕೇಳಿಸ್ತು. ನನ್ನ ಗಂಡ ಬಂದು "ಲೇ, ನೀನು ಮೆಲ್ಲಗೂ ಮಾತಾಡ್ತೀಯಾ?" ಅಂದ. ನಮ್ಮ ಬೀದಿ ಜನದ ಬಗ್ಗೆ ನನಗೆ ಅಷ್ಟು ಹೆಮ್ಮೆ ಆಗಿದ್ದು ಇನ್ಯಾವತ್ತೂ ಇಲ್ಲ.

ದಿನಾ ಆ ಒಂದು ಗಂಟೆ ಕಣ್ಣಮ್ಮ ಮಗೀನ ಮಡಿಲಲ್ಲಿ ಕೂರಿಸ್ಕೊಂಡು "ಇದು ನೀರು, ಇದು ಬಳೆ, ಇದು ಅಜ್ಜಿ" ಅಂತ ಹೇಳೋಳು. ಆಗಾಗ ಒಂದೇ ಮಗ್ಗನ ಮೆಲ್ಲಗೆ ಆಡಿಸಿ ತೋರಿಸಿ, ಆ ಸದ್ದಿನ ಭಯಾನೂ ಬಿಡಿಸಿದ್ರು. ದೀಪಾವಳಿ ಸೀರೆಗಳು ಹೊತ್ತಿಗೆ ಸರಿಯಾಗಿ ಹೋದವು. ಮಗು ಮಾತ್ರ ಮಾತಾಡ್ಲಿಲ್ಲ. ಆದ್ರೂ ಹಬ್ಬ ಕಳೆದ ಮೇಲೆ ಒಬ್ಬರೂ ಹತ್ತು ಗಂಟೆಗೆ ಮಗ್ಗ ಮುಟ್ಟಲಿಲ್ಲ.

ಮಾರ್ಗಳಿ ತಿಂಗಳಲ್ಲಿ, ಅಂದ್ರೆ ಧನುರ್ಮಾಸದಲ್ಲಿ, ಒಂದಿನ ನಾನು ಅವರ ಮನೇಲೇ ಕಂಡಿಕೆ ಸುತ್ತುತಾ ಕೂತಿದ್ದೆ. ಕಲೈ ಸೀರೆ ತೊಟ್ಟಿಲಲ್ಲಿ ಕೂತಿತ್ತು, ಮುಖ ಗೋಡೆ ಕಡೆ, ಕಾಲು ನೆಲಕ್ಕೆ ತಾಕ್ತಾ ಇರ್ಲಿಲ್ಲ. ಹತ್ತು ಗಂಟೆ ಆಯ್ತು. ಕಣ್ಣಮ್ಮ ಎಂದಿನಂಗೆ ಮಗ್ಗ ನಿಲ್ಲಿಸಿದ್ಲು.

ಮಗು ಆಡೋದು ಬಿಟ್ತು. ತೊಟ್ಟಿಲಲ್ಲೇ ಪೂರ್ತಿ ತಿರುಗಿ ಅಜ್ಜಿ ಕಡೆ ನೋಡ್ತು. ಮಗ್ಗದ ಕಡೆ ಬೆರಳು ತೋರಿಸಿ ಕೇಳ್ತು:

"ಟಕ್?"

ನನ್ನ ಕೈಲಿದ್ದ ಕಂಡಿಕೆ ಉರುಳಿ ಹೋಯ್ತು. ಕಣ್ಣಮ್ಮ ಗುಳಿಯಿಂದ ಎದ್ದು ಬಂದು, ಅಳ್ತಾ ನಗ್ತಾ ಮಗೀನ ಎದೆಗೆ ಅವಚಿಕೊಂಡ್ಲು. "ಐತೆ ಕಣೇ ನಮ್ಮವ್ವ, ಎಲ್ಲೂ ಓಗಿಲ್ಲ. ನಿನ್ನ ಮಾತು ಕೇಳೋಕೆ ನಿಂತೈತೆ" ಅಂದ್ಲು.

ಇದನ್ನ ಓದ್ತಾ ಇರೋ, ಕೇಳ್ತಾ ಇರೋ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನದೊಂದು ಬೇಡಿಕೆ. ನಿಮ್ಮ ಮನೇಲೂ ಮಗ್ಗ ಇರಬಹುದು, ಮಿಲ್ಲಿನ ಸದ್ದಿರಬಹುದು, ಟಿವಿ ಇರಬಹುದು. ಇವತ್ತೇ ಅದನ್ನ ಒಂದು ಗಳಿಗೆ ನಿಲ್ಲಿಸಿ. ಮಗೀನ ನೆಲದಿಂದ ಮೇಲೆತ್ತಿಕೊಂಡು, ಕಾಣದಂಗೆ ಹಿಂದಿನಿಂದ ಹೆಸರು ಹಿಡಿದು ಕರೀರಿ. ತಿರುಗದಿದ್ರೆ, ಅಥವಾ ಮಾತು ತಡ ಆಗಿದೆ ಅನ್ನಿಸಿದ್ರೆ, ಮಗ್ಗ ಬಿಟ್ಟು ಎದ್ದು ಅಂಗನವಾಡಿಗೆ ಹೋಗಿ. ಆಸ್ಪತ್ರೆಯವರು ಚೀಟಿ ಕೊಟ್ಟಿದ್ರೆ ಡಬ್ಬೀಲಿ ಇಡಬೇಡಿ, ಆ ದಿನಕ್ಕೇ ಹೋಗಿ. ಪಕ್ಕದ ಮನೆಯವರು ಹೋಗೋಕಾಗದೆ ಒದ್ದಾಡ್ತಿದ್ರೆ, ಅವರ ಕೆಲಸ ನೀವು ಹಿಡ್ಕೊಂಡು ಅವರನ್ನ ಕಳಿಸಿ.

ಸರ್ಕಾರ ಕಿವಿ ಕೊಡ್ತು, ಟ್ರಸ್ಟು ಮೇಷ್ಟ್ರನ್ನ ಕೊಡ್ತು. ಆ ಕಿವಿಗೆ ಮಾತು ಬೀಳೋಕೆ ಒಂದು ಗಂಟೆ ನಿಶ್ಶಬ್ದ ಕೊಟ್ಟಿದ್ದು ಮಾತ್ರ ಬೀದಿ. ಯಾವತ್ತಾದ್ರೂ ಹತ್ತರಿಂದ ಹನ್ನೊಂದರ ಒಳಗೆ ನಮ್ಮ ಬೀದಿಗೆ ಬಂದ್ರೆ, ದಯವಿಟ್ಟು ಮೆಲ್ಲಗೆ ಮಾತಾಡಿ. ಕಲೈ ಪಾಠ ನಡೀತಿರುತ್ತೆ.