ಹೊಳೆ ಪಾಲಾದ ಲಿಂಗ

ಮೂವತ್ತು ವರ್ಷ ಬಾಣಾವರದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಬೋರ್ನಿಯೋ ದ್ವೀಪದ ನಕಾಶೆ ಬರೆದು, ಅದರ ಹೊಟ್ಟೆ ತುಂಬ ಹಸಿರು ಸೀಮೆಸುಣ್ಣ ಬಳಿದು, ಇಲ್ಲಿ ವರ್ಷವಿಡೀ ಮಳೆ ಕಣ್ರಪ್ಪಾ, ಇಲ್ಲಿಯ ಕಾಡಿನೊಳಗೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ ಎಂದು ಹೇಳುತ್ತಿದ್ದೆ. ಬೆಲ್ಲು ಹೊಡೆದ ಮೇಲೆ ಅರಸೀಕೆರೆಯ ರೈಲು ಹತ್ತಿ ಮನೆಗೆ ಬಂದು ಅನ್ನಕ್ಕಿಡುತ್ತಿದ್ದೆ. ರಿಟೈರ್ ಆದ ದಿನ ಶಾಲೆಯವರು ಹೊದಿಸಿದ ಶಾಲು ಮಡಚಿಡುವ ಮೊದಲೇ ಯಜಮಾನರಿಗೆ ಹೇಳಿಬಿಟ್ಟೆ. ನಾನು ಆ ಕಾಡು ನೋಡದೆ ಸಾಯುವುದಿಲ್ಲ, ನೀವು ಬಂದರೆ ಸರಿ, ಬರದಿದ್ದರೆ ಒಬ್ಬಳೇ ಹೋಗುತ್ತೇನೆ.

ನಮ್ಮ ಯಜಮಾನರು ಷಡಕ್ಷರಪ್ಪನವರು. ಅರಸೀಕೆರೆ ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ತಿಪಟೂರು ದಾಟಿದರೆ ಅವರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ.

"ಕಾಡು ನೋಡಕ್ಕೆ ಇಮಾನ ಯಾಕೆ ಹತ್ತಬೇಕು ಪುಷ್ಪಾ? ಅರೇಹಳ್ಳಿ ಕಡೀಕೆ ಬಸ್ ಹತ್ತಿದ್ರೆ ಬೇಕಾದಷ್ಟು ಐತೆ" ಎಂದರು.

"ಅದು ತೋಟ ರೀ, ಕಾಡಲ್ಲ" ಎಂದೆ.

ಒಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ಕೊನೆಗೆ ಹೊರಟರು. ಅವಲಕ್ಕಿ, ಚಟ್ನಿಪುಡಿ, ವಿಭೂತಿಗಟ್ಟಿ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ನು, ಎಲ್ಲ ಸೇರಿ ಅವರ ಚೀಲವೇ ನನ್ನದಕ್ಕಿಂತ ಭಾರವಾಯಿತು.

ನಾವು ಇಳಿದದ್ದು ಆ ದ್ವೀಪದ ಮಲೇಷಿಯಾ ಭಾಗದಲ್ಲಿರುವ ಕೂಚಿಂಗ್ ಎಂಬ ಊರಿನಲ್ಲಿ. ಊರಿನ ನಡುವೆ ಕಂದು ಬಣ್ಣದ ದೊಡ್ಡ ಹೊಳೆ, ದಡದುದ್ದಕ್ಕೂ ಕಲ್ಲು ಹಾಸಿದ ದಾರಿ, ಕೂರಲು ಬೆಂಚು. ಅಲ್ಲಿ ಯಾರಿಗೂ ಯಾವುದಕ್ಕೂ ಅವಸರವಿಲ್ಲ. ಅಂಗಡಿಯವನು ಚಿಲ್ಲರೆ ಕೊಡಲು ಏಳುವ ಮೊದಲು ಒಂದು ಸಲ ಮೈ ಮುರಿಯುತ್ತಾನೆ. ಹೊಳೆ ದಾಟಿಸುವ ದೋಣಿಯವನು ನಾಲ್ಕು ಜನ ಸೇರುವ ತನಕ ಸಿಗರೇಟು ಸೇದುತ್ತಾ ಕೂತಿರುತ್ತಾನೆ. ನನಗೋ ಕಾಲಿಗೆ ಇರುವೆ ಹತ್ತಿದಂತೆ. ಬಂದದ್ದು ಕಾಡಿಗೆ, ಇಲ್ಲಿ ಕೂತು ಏನು ಮಾಡುವುದು? ಆದರೆ ಕಾಡಿಗೆ ಹೋಗುವ ದೋಣಿಯನ್ನು ಗೊತ್ತು ಮಾಡಲು ಹೋಟೆಲಿನ ಹುಡುಗಿಯನ್ನು ಕೇಳಿದಾಗಲೆಲ್ಲ ಅವಳು ನಗುತ್ತಾ, "ಟುಮಾರೊ, ಆಂಟಿ" ಎನ್ನುತ್ತಿದ್ದಳು. ಯಜಮಾನರು ಮಾತ್ರ ಬೆಂಚಿನ ಮೇಲೆ ಆರಾಮಾಗಿ ಕೂತು ಎದುರು ದಡದ ತೆಂಗಿನ ಮರಗಳನ್ನು ನೋಡುತ್ತಾ, ಗೊನೆ ಸಣ್ಣದು, ಮರಕ್ಕೆ ಗೊಬ್ಬರ ಕಂಡಿಲ್ಲ ಎಂದು ಬೈಯುತ್ತಿದ್ದರು.

ಅಂತೂ ಒಂದು ದಿನ ದೋಣಿ ಸಿಕ್ಕಿತು. ನಸುಕಿನಲ್ಲೇ ವ್ಯಾನು ಬಂತು. ಅದೇ ಹೊಳೆಯ ಮೇಲ್ಭಾಗದವರೆಗೆ ಕರೆದೊಯ್ದು, ಅಲ್ಲಿ ಉದ್ದನೆಯ ಮರದ ದೋಣಿ ಹತ್ತಿಸಿದರು. ಹೋದ ಹಾಗೆಲ್ಲ ಎರಡೂ ದಡದ ಮರಗಳು ಹತ್ತಿರ ಬಂದವು, ಬಳ್ಳಿಗಳು ನೀರಿಗೆ ಇಳಿದವು. ಯಾವುದೋ ದೊಡ್ಡ ಹಕ್ಕಿ ರೆಕ್ಕೆ ಬಡಿದದ್ದು ತಲೆಯ ಮೇಲೆಯೇ ಕೇಳಿಸಿತು. ಕಪ್ಪು ಹಲಗೆಯ ಹಸಿರೆಲ್ಲಿ, ಇದೆಲ್ಲಿ.

ಅಷ್ಟರಲ್ಲಿ ಇವರು ಅಂಗಿಯ ಗುಂಡಿ ಬಿಚ್ಚತೊಡಗಿದರು.

ನಮ್ಮವರಲ್ಲಿ ಗುರುಗಳು ಕಟ್ಟಿದ ಇಷ್ಟಲಿಂಗವನ್ನು ಸಾಯುವ ತನಕ ಮೈಮೇಲಿಂದ ಅಗಲಿಸುವುದಿಲ್ಲ. ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಯಜಮಾನರು ಹನಿ ನೀರೂ ಮುಟ್ಟುವವರಲ್ಲ. ಆ ದಿನ ನಸುಕಿನ ಗಡಿಬಿಡಿಯಲ್ಲಿ ಪೂಜೆ ಉಳಿದಿತ್ತು. ಆದರೆ ಇನ್ಸುಲಿನ್ ಚುಚ್ಚಿಕೊಂಡಾಗಿತ್ತು. ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಬರುತ್ತದೆ. ತಿನ್ನಬೇಕಾದರೆ ಪೂಜೆಯಾಗಲೇಬೇಕು.

"ದಡ ಸಿಗಲಿ, ತಡೀರಿ" ಎಂದೆ.

"ದಡ ಎಲ್ಲೈತೆ? ತಲೆ ತಿರುಗ್ತೈತೆ ಕಣೇ. ಐದು ನಿಮಿಷದ ಕೆಲಸ."

ಅಂಗೈಯಲ್ಲಿ ಲಿಂಗವಿಟ್ಟರು, ವಿಭೂತಿ ಧರಿಸಿದರು, ಕಣ್ಣು ಅದರಲ್ಲೇ ನೆಟ್ಟರು. ದೋಣಿ ನೀರಿನೊಳಗಿದ್ದ ಮರದ ದಿಮ್ಮಿಯೊಂದಕ್ಕೆ ಬಡಿಯಿತು. ಇವರು ಅಂಚು ಹಿಡಿಯಲು ಕೈ ಚಾಚಿದರು, ಚಾಚಿದ್ದು ಎಡಗೈ. ನೇರಳೆ ಹಣ್ಣಿನಷ್ಟು ಕಪ್ಪು ಲಿಂಗ ನೀರಿಗೆ ಬಿದ್ದ ಸದ್ದು ಕೂಡ ಕೇಳಲಿಲ್ಲ.

ಇವರು ಎದ್ದು ನಿಂತರು. ಹಾರಿಯೇ ಬಿಡುತ್ತಿದ್ದರು. ದೋಣಿಯವನು ಸೊಂಟ ಹಿಡಿದು ಕೂರಿಸಿ, ಮೊಸಳೆ ಮೊಸಳೆ ಎಂದು ಇಂಗ್ಲಿಷಿನಲ್ಲಿ ಕೂಗಿದ. ಪಾಪ, ಅವನೇ ಉದ್ದನೆಯ ಕೋಲು ಹಾಕಿ ಬಹಳ ಹೊತ್ತು ಕೆಸರು ಕೆದಕಿದ. ನೀರು ಇನ್ನಷ್ಟು ಕಂದಾಯಿತೇ ಹೊರತು ಏನೂ ಸಿಗಲಿಲ್ಲ. ವಾಪಸು ತಿರುಗಿಸು ಎಂದು ನಾನೇ ಹೇಳಿದೆ. ನನ್ನ ಕಾಡು ಬೆನ್ನ ಹಿಂದೆ ಉಳಿಯಿತು, ನಾನು ತಿರುಗಿ ಕೂಡ ನೋಡಲಿಲ್ಲ.

ವ್ಯಾನಿನಲ್ಲಿ ಬಾಳೆಹಣ್ಣು ಸುಲಿದು ಬಾಯಿಗೆ ಹಿಡಿದೆ. ಮುಖ ತಿರುಗಿಸಿದರು.

"ಲಿಂಗ ಕಳ್ಕೊಂಡೋನಿಗೆ ಅನ್ನ ಯಾಕೆ? ನಮ್ಮಪ್ಪನ ಕಾಲದಲ್ಲಾಗಿದ್ರೆ ಜೀವನೇ ಬಿಡೋರು."

"ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇರ್ಲಿಲ್ಲ" ಎಂದೆ. ಆ ಮಾತು ಅವರಿಗೆ ತಾಗಲೇ ಇಲ್ಲ. ಊರಿಗೆ ಹೋಗಿ ಗುರುಗಳ ಕೈಯಿಂದ ಬೇರೆ ಲಿಂಗ ಕಟ್ಟಿಸಿಕೊಂಡ ಮೇಲೆಯೇ ತುತ್ತು ಎಂದು ಕಡ್ಡಿ ಮುರಿದಂತೆ ಹೇಳಿದರು.

ಕೂಚಿಂಗ್ ಮುಟ್ಟಿದ ಮೇಲೆ ನಾನು ನಿಂತಲ್ಲಿ ನಿಲ್ಲಲಿಲ್ಲ. ಹೋಟೆಲಿಗೆ ಓಡಿದೆ. ವಿಮಾನ ನಾಡಿದ್ದಿಗೆ, ಅದಕ್ಕಿಂತ ಮೊದಲು ಸೀಟಿಲ್ಲ. ಹುಡುಗಿ ತಂಪು ನೀರು ಕೊಟ್ಟು, "ರಿಲ್ಯಾಕ್ಸ್, ಆಂಟಿ" ಎಂದಳು. ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಡಾಕ್ಟರನ್ನು ಕರೆಸೋಣವೆಂದರೆ, ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರೂ ಅದೂ ಆಹಾರವೇ, ಮುಟ್ಟಿಸಿದರೆ ನೋಡು ಎಂದು ಇವರು ಮೊದಲೇ ಗದರಿದ್ದರು. ಊರಿನ ಮಠಕ್ಕೆ ಫೋನು ಹಚ್ಚಿದೆ. ಒಂದು ಮಾತು ಸ್ವಾಮಿಗಳ ಬಾಯಿಂದ ಬಂದಿದ್ದರೆ ಇವರು ತಿನ್ನುತ್ತಿದ್ದರು. ಮಠದ ಗುಮಾಸ್ತ ಎತ್ತಿಕೊಂಡ.

"ಬುದ್ಧಿಯೋರು ಹಾರನಹಳ್ಳಿಗೆ ಗೃಹಪ್ರವೇಶಕ್ಕೆ ಹೋಗವ್ರೆ ಕಣಮ್ಮ. ಫೋನು ಇಲ್ಲೇ ಐತೆ, ಚಾರ್ಜಿಗೆ ಹಾಕಿವ್ನಿ."

ನಾಳೆ ಬಿಡುವಾದಾಗ ಹೇಳಿಸುತ್ತೇನೆ ಎಂದ. ಅಲ್ಲಿಯೂ ನಾಳೆ, ಇಲ್ಲಿಯೂ ನಾಳೆ. ನನಗೆ ಅಳುವೇ ಬಂತು.

ಇವರು ಕೋಣೆಯಲ್ಲಿ ಕೂರಲೊಪ್ಪದೆ ಹೊಳೆದಂಡೆಯ ಬೆಂಚಿನ ಮೇಲೆ ಕೂತಿದ್ದರು. ಸಾಯಂಕಾಲದ ಮಳೆ ಬಂದು ಹೋಗಿತ್ತು. ಜನ ಮಕ್ಕಳನ್ನು ಕಟ್ಟಿಕೊಂಡು ಅಡ್ಡಾಡುತ್ತಿದ್ದರು, ಯಾರೋ ಗಿಟಾರು ಮೀಟುತ್ತಿದ್ದ. ನಾನು ಹತ್ತಿರ ಹೋದಾಗ ಇವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೊರಳಿನಿಂದ ನನ್ನ ಲಿಂಗ ತೆಗೆಯಹೋಗಿ, "ತಗೊಳ್ಳಿ, ಎರಡನ್ನೂ ಕಟ್ಟಿದ್ದು ಒಂದೇ ಗುರು. ಇದಕ್ಕೆ ಪೂಜೆ ಮಾಡಿ" ಎಂದೆ. ಇವರು ನಡುಗುವ ಕೈಯಿಂದಲೇ ನನ್ನ ಸೆರಗೆಳೆದು ಅದನ್ನು ಮುಚ್ಚಿದರು.

"ತೆಗೀಬ್ಯಾಡ. ಅದು ನಿಂದು."

ಆಮೇಲೆ ನನ್ನ ಮುಖ ನೋಡಿ, "ಮಂಡಿ ಬಾಗ್ಲು ಹಾಕಿದ್ಯೇನವ್ವಾ?" ಎಂದರು.

ಅವ್ವ ಎಂದದ್ದು ನನ್ನನ್ನು. ಅವರ ತಾಯಿ ಹೋಗಿ ಎಷ್ಟೋ ಕಾಲವಾಯಿತು. ಇವರು ಹೋಗಿಬಿಡುತ್ತಾರೆ, ನಾನು ಆಸೆಪಟ್ಟ ಊರಿನಲ್ಲೇ, ನನ್ನ ಕಣ್ಣೆದುರಿಗೇ. ಭಯಕ್ಕಿಂತ ಮೊದಲು ಸಿಟ್ಟು ಬಂತು. ಇವರ ಮೇಲೆ, ದಿಮ್ಮಿಯ ಮೇಲೆ, ಗಿಟಾರಿನವನ ಮೇಲೆ, ತನ್ನ ಪಾಡಿಗೆ ತಾನು ಹರಿಯುತ್ತಿದ್ದ ಆ ಹೊಳೆಯ ಮೇಲೆ. ಹೊಳೆಯನ್ನು ಬೈಯಬೇಕೆಂದು ಅದರ ಕಡೆ ತಿರುಗಿದವಳು ಹಾಗೆಯೇ ನಿಂತೆ. ನೀರು ಕಾಡಿನ ಕಡೆಯಿಂದ ಬರುತ್ತಿತ್ತು.

ದೋಣಿ ಹತ್ತುವ ಮೆಟ್ಟಿಲುಗಳನ್ನು ಇಳಿದೆ. ಮೊಸಳೆಯ ಚಿತ್ರದ ಬೋರ್ಡು ಅಲ್ಲೇ ಇತ್ತು. ಸೀರೆಯ ನೆರಿಗೆ ಎತ್ತಿಕಟ್ಟಿ, ಕೊನೆಯ ಮೆಟ್ಟಿಲಲ್ಲಿ ಬಗ್ಗಿ, ಚೀಲದಲ್ಲಿದ್ದ ಸ್ಟೀಲ್ ಲೋಟದ ತಳ ಮುಚ್ಚುವಷ್ಟು ನೀರು ತುಂಬಿಕೊಂಡು ಮೇಲೆ ಬಂದೆ.

"ನೋಡಿ ಇಲ್ಲಿ. ಪೂಜೆ ಆದ್ಮೇಲೆ ಲಿಂಗದ ಮೇಲೆರೆದ ನೀರನ್ನ ತೀರ್ಥ ಅಂತ ತಗೋತೀರಿ ಅಲ್ವಾ?"

ತಲೆಯಾಡಿಸಿದರು.

"ನಿಮ್ಮ ಲಿಂಗ ಈ ಹೊಳೇಲಿದೆ. ಬೆಳಿಗ್ಗೆಯಿಂದ ಇಡೀ ಹೊಳೆ ಅದರ ಮೇಲೆ ಹರೀತಿದೆ. ಇಂಥ ಅಭಿಷೇಕ ನಮ್ಮೂರಲ್ಲಿ ಯಾರು ಮಾಡಿದ್ದಾರೆ ಹೇಳಿ. ಆ ತೀರ್ಥ ಇಲ್ಲಿಗೆ ಬಂದಿದೆ. ತಗೊಳ್ಳಿ."

ಇವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಬುದ್ಧಿ ಕದಲಿದ್ದರೂ ವ್ಯಾಪಾರದ ಬುದ್ಧಿ ಒಂದಿಷ್ಟು ಉಳಿದಿತ್ತು.

"ಅಷ್ಟು ದೂರದ ನೀರು... ಬೆಳಿಗ್ಗೆದು... ಇಲ್ಲಿಗೆ ಬಂದಿರ್ತೈತಾ? ನೀನು ಓದಿದೋಳು. ಸುಳ್ಳು ಹೇಳ್ಬ್ಯಾಡ."

ನನಗೆ ಗೊತ್ತಿರಲಿಲ್ಲ. ಹೊಳೆಯ ವೇಗ ತಿಳಿಯದು, ದೂರ ತಿಳಿಯದು, ಸಮುದ್ರದ ಉಬ್ಬರ ಇದನ್ನು ಎಲ್ಲಿ ತಡೆಯುತ್ತದೋ ಅದೂ ತಿಳಿಯದು. ಆದರೆ ಹಿಂದಿನ ಬೆಂಚಿನ ತನಕ ಕೇಳಿಸುವ ನನ್ನ ಹಳೆಯ ಗಂಟಲಿನಲ್ಲಿ, "ಬಂದಿದೆ" ಎಂದೆ.

ಇವರು ಎಡ ಅಂಗೈ ಚಾಚಿದರು. ಹನಿಸಿದೆ. ಆ ಖಾಲಿ ಅಂಗೈಯ ನೀರನ್ನೇ ಬಹಳ ಹೊತ್ತು ದಿಟ್ಟಿಸಿದರು, ತುಟಿ ಅಲುಗಿತು. ಕಣ್ಣಿಗೊತ್ತಿಕೊಂಡು ನಾಲಿಗೆಗೆ ಮುಟ್ಟಿಸಿಕೊಂಡರು. ಮೂರು ಸಲ. ಆಮೇಲೆ ಬಾಯಿ ತೆರೆದರು. ನಾನು ಚೀಲದಲ್ಲಿದ್ದ ಸಕ್ಕರೆ ಹಾಕಿದೆ, ಬಾಳೆಹಣ್ಣು ಹಾಕಿದೆ, ಪಕ್ಕದ ಗಾಡಿಯಿಂದ ಕಾಯಿಬೆಲ್ಲ ತುಂಬಿದ ಕಡುಬಿನಂಥದ್ದು ತಂದು ಅದನ್ನೂ ಹಾಕಿದೆ. ಹಾಕುತ್ತಾ ಹಾಕುತ್ತಾ ಅಳುತ್ತಿದ್ದೆ, ಅಡ್ಡಾಡುವ ಜನ ನೋಡಿದರೆ ನೋಡಲಿ.

ಬೆವರು ಆರಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ತಿಳಿಯಾದ ಮೇಲೆ ಇವರು ಹೇಳಿದ ಮೊದಲ ಮಾತು, "ಕಾಯಿ ಎಳೇದು. ಬಲಿತಿಲ್ಲ."

"ನಾಡಿದ್ದು ವಿಮಾನಕ್ಕೆ ಸೀಟು ಹೇಳಿದ್ದೀನಿ ರೀ. ಹೋಗಿಬಿಡೋಣ. ನನಗೆ ಈ ಕಾಡೂ ಬೇಡ, ಏನೂ ಬೇಡ" ಎಂದೆ.

ಇವರು ಹೊಳೆಯನ್ನು ನೋಡುತ್ತಾ ಕೂತಿದ್ದರು. ಈಗ ಅವರ ಕಣ್ಣು ಎದುರು ದಡದ ತೆಂಗಿನ ಮರಗಳ ಮೇಲಿರಲಿಲ್ಲ, ನೀರಿನ ಮೇಲಿತ್ತು.

"ನಾಡಿದ್ದು ತಾನೇ? ನಾಳೆ ದೋಣಿ ಐತಾ ಕೇಳು."

"ಮತ್ತೆ ಅಲ್ಲಿಗಾ? ಯಾಕೆ?"

"ನೀನು ಕಾಡು ನೋಡು. ನಾನು ಆ ಜಾಗದಾಗೆ ಕೈ ಮುಗಿದು ಬತ್ತೀನಿ" ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ ದನಿ ಇಳಿಸಿ, "ಹುಟ್ಟಿದಾಗಿಂದ ಜೊತೆಗಿತ್ತು ಕಣೇ. ಬಿಟ್ಟು ಹೋಗೋನು ಹೇಳದೆ ಹೋಗಬಾರದು" ಎಂದರು.

ನಾನು ಹೋಟೆಲಿನ ಹುಡುಗಿಯನ್ನು ಕೇಳಲು ಎದ್ದೆ.